ಮಳೆಗೆ ತಪ್ಪಿದ ಬಸ್, ಎಸ್ಸೆಸ್ಸೆಲ್ಸಿ ಹಾಜರಾತಿ
ಭಾಗಮಂಡಲ ಕಡೆಯಿಂದ ಮಡಿಕೇರಿ ಶಾಲೆಗೆ ಬರುವ ಮಗಳು ಮಳೆಗೆ ಬಸ್ ತಪ್ಪಿ ರಜೆ ಹಾಕಿದರೆ ಎಸ್ಸೆಸ್ಸೆಲ್ಸಿಗೆ ತೊಂದರೆಯೇ ಎಂದು ಕೇಳಿದ್ದೀರಿ, ಮೇಡಂ. ಪರೀಕ್ಷೆಗೆ ಶೇ. 75 ಹಾಜರಾತಿ ಬೇಕು. 200 ದಿನ ತರಗತಿ ನಡೆದರೆ 150. ಜಿಲ್ಲಾಡಳಿತ ಘೋಷಿಸುವ ಮಳೆ ರಜೆ ಗೈರುಹಾಜರಿ ಆಗುವುದಿಲ್ಲ, ಆವತ್ತು ಶಾಲೆಯೇ ಇರುವುದಿಲ್ಲವಲ್ಲ. ಅದನ್ನು ಸರಿದೂಗಿಸಲು ಶನಿವಾರ ಮಧ್ಯಾಹ್ನ, ಭಾನುವಾರ ತರಗತಿ ಇಟ್ಟರೆ ಮಾತ್ರ ತಪ್ಪಿಸಬೇಡಿ.

ನಿಜವಾಗಿ ಲೆಕ್ಕ ಕೆಡುವುದು ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ, ಕಾಫಿ ಕೊಯ್ಲಿಗೆಂದು ರಜೆ ಹಾಕುವಾಗ. ಮಳೆಗಾಲದಲ್ಲೇ ರಜೆ ಮುಗಿಸಿಕೊಂಡವರಿಗೆ ಆಗ ಉಳಿದಿರುವುದಿಲ್ಲ. ಪ್ರತಿ ತಿಂಗಳು ಕ್ಲಾಸ್ ಟೀಚರ್ ಹತ್ತಿರ ಹಾಜರಾತಿ ಕೇಳಿ ಬರೆದಿಡಿ. ಜ್ವರ ಬಂದರೆ ವೈದ್ಯರ ಸರ್ಟಿಫಿಕೇಟ್ ಅದೇ ವಾರ ಕೊಡಿ.

ಒಂದು ಟ್ರಿಪ್ ಮುಂಚಿನ ಬಸ್ಸಿಗೇ ಹೊರಡಲಿ. ತಪ್ಪಿದ ಗಣಿತವನ್ನು ಅದೇ ಸಂಜೆ ಪುಸ್ತಕ ಮುಚ್ಚಿ ಮಾಡಿಸಿ; ಗೆಳತಿಯ ನೋಟ್ಸ್ ಬರೀ ನಕಲು ಮಾಡಿದರೆ ತಲೆಗೆ ಹತ್ತುವುದಿಲ್ಲ.