ಫಾರ್ಮಿನಲ್ಲಿ ‘ಸಿಂಗಲ್’ ಎಂದು ಬರೆಯಬೇಡ, ತಂಗೀ

ನಿನ್ನ ಮೆಸೇಜನ್ನು ನಿನ್ನೆ ಎರಡು ಸಲ ಓದಿದೆ. ಚಳಿ, ಬಾಡಿಗೆ, ಕೆಲಸ, ಯಾವ ಪುಡಿ ಕಟ್ಟಿಕೊಂಡು ಬರಲಿ ಎಂದೆಲ್ಲ ಕೇಳಿ, ಕಡೆಗೆ ಹೀಗೆ ಬರೆದಿದ್ದೀ: “ಅಕ್ಕಾ, ಏಪ್ರಿಲಿನಲ್ಲಿ ಥಾಣೆಯಲ್ಲಿ ನಮ್ಮದು ರಿಜಿಸ್ಟರ್ ಮದುವೆ ಆಯಿತು. ಊರಿನಲ್ಲಿ ಧಾರೆ ಇಟ್ಟಿರುವುದು ಡಿಸೆಂಬರ್ ಮೊದಲ ವಾರ, ಹಾಲ್ ಸಿಕ್ಕಿದ್ದೇ ಆಗ. ಈಗ ಕೆನಡಾದಲ್ಲಿ ಕಾಯಂ ನೆಲೆಸುವ ಪಿಆರ್‌ಗೆ ಇನ್ವಿಟೇಶನ್ ಬಂದಿದೆ. ಫೆಬ್ರವರಿಯಲ್ಲಿ ಪ್ರೊಫೈಲ್ ಮಾಡುವಾಗ ಸಿಂಗಲ್ ಅಂತ ಹಾಕಿದ್ದೆ. ಹಾಗೇ ಇರಲಿ, ಧಾರೆ ಆದ ಮೇಲೆ ನೋಡೋಣ ಅಂತಾರೆ ಏಜೆಂಟರು. ಪರವಾಗಿಲ್ಲ ಅಲ್ವಾ?”

ಪರವಾಗಿಲ್ಲ ಎಂದು ನಾನು ಹೇಳಲಾರೆ. ಆ ಒಂದು ಮಾತಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಫ್ಯಾಶನ್ ಸ್ಟ್ರೀಟಿನಲ್ಲಿ ಜಾಕೆಟ್ ಕೊಳ್ಳಬೇಡ, ಇಲ್ಲಿಯ ನವೆಂಬರಿಗೇ ಅದು ಸಾಲದು. ಬಂದ ಮೇಲೆ ತಗೋ. ಅಕ್ಕಿ, ಹುಣಸೆಹಣ್ಣು, ತೆಂಗಿನಕಾಯಿ ಎಲ್ಲ ಟೊರೊಂಟೊ ಪಕ್ಕದ ಬ್ರಾಂಪ್ಟನ್ನಿನ ಅಂಗಡಿಗಳಲ್ಲಿ ಸಿಗುತ್ತವೆ. ಅಮ್ಮ ಕೈಯಾರೆ ಹುರಿದು ಮಾಡಿದ ಸಾರಿನ ಪುಡಿ ಮಾತ್ರ ತಾ, ಅದಕ್ಕೆ ಬದಲಿಲ್ಲ. ಬಾಡಿಗೆ ಜಾಸ್ತಿ, ಹೆಚ್ಚಿನವರು ಶುರು ಮಾಡುವುದು ಬೇಸ್‌ಮೆಂಟಿನಲ್ಲೇ. ಕೆಲಸ ಸಿಗುತ್ತದೆ, ಓದಿಗೆ ತಕ್ಕ ಕೆಲಸ ತಡವಾಗಿ ಸಿಗುತ್ತದೆ. ನಮ್ಮವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ.

ಈಗ ನನ್ನ ಕತೆ ಕೇಳು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಇದು ಅರ್ಧಂಬರ್ಧ ಎಲ್ಲರಿಗೂ ಗೊತ್ತು, ನಿನ್ನ ಅಮ್ಮನಿಗೂ ಗೊತ್ತಿರಬಹುದು. ಪೂರ್ತಿ ಯಾರಿಗೂ ಗೊತ್ತಿಲ್ಲ.

ನಾನು ವಡಾಲದಲ್ಲಿ ಕನ್ನಡ ಶಾಲೆ ಓದಿದವಳು. ಬಿಕಾಂ ಮುಗಿಸಿ ಫೋರ್ಟಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. 2003ರಲ್ಲಿ ಅರ್ಜಿ ಹಾಕಿದಾಗ ನನಗೆ ಇಪ್ಪತ್ತನಾಲ್ಕು. ಈಗಿನ ಎಕ್ಸ್‌ಪ್ರೆಸ್ ಎಂಟ್ರಿ, ಅಂದರೆ ಪಾಯಿಂಟಿನ ಲೆಕ್ಕದ ಆನ್‌ಲೈನ್ ಪದ್ಧತಿ, ಶುರುವಾದದ್ದು 2015ರ ಜನವರಿಯಲ್ಲಿ. ಆಗ ಕಾಗದದ ಕಟ್ಟನ್ನು ದೆಹಲಿಯ ಕೆನಡಾ ಹೈಕಮಿಷನ್ನಿಗೆ ಕಳಿಸಿ ವರ್ಷಗಟ್ಟಲೆ ಕಾಯಬೇಕಿತ್ತು. ನಾಲ್ಕು ವರ್ಷ ಕಾದೆ. ಮನೆಯವರು ವೀಸಾ ಇನ್ನು ಬರುವುದಿಲ್ಲ ಎಂದುಕೊಂಡು ಗಂಡು ನೋಡಿದರು, ಮಾತುಕತೆಯಾಯಿತು. ನಿಶ್ಚಿತಾರ್ಥ ಮುಗಿದ ಮೇಲೆ, 2007ರ ನವೆಂಬರಿನಲ್ಲಿ ವೀಸಾ ಬಂತು. ಅದಕ್ಕೊಂದು ಗಡುವು ಇತ್ತು: ಮೆಡಿಕಲ್ ಆದ ದಿನದಿಂದ ವರ್ಷದೊಳಗೆ ಹೋಗಿ ಇಳಿಯಬೇಕು.

ಹುಡುಗಿಗೆ ಇಪ್ಪತ್ತೊಂಬತ್ತು, ಹೀಗೇ ಕಳಿಸುವುದು ಹೇಗೆ? ಧನುರ್ಮಾಸ ಕಳೆಯಲಿ ಎಂದು ಕಾದು ಫೆಬ್ರವರಿಯಲ್ಲಿ ಉಡುಪಿ ಕಡೆ ನಮ್ಮ ಮನೆಯಂಗಳದಲ್ಲೇ ಚಪ್ಪರ ಹಾಕಿದರು. ಮತ್ಸ್ಯಗಂಧ ರೈಲಿನಲ್ಲಿ ಎರಡೂ ಕಡೆಯವರು ಸೇರಿ ಅರ್ಧ ಬೋಗಿ ನಾವೇ ಇದ್ದೆವು. ಧಾರೆ ಆಯಿತು, ಸಪ್ತಪದಿ ಆಯಿತು, ಕರಿಮಣಿ ಕಟ್ಟಿಸಿಕೊಂಡು ಡೊಂಬಿವಲಿಯ ಅತ್ತೆಮನೆಗೆ ಹೊಸ್ತಿಲು ದಾಟಿ ಹೋದೆ. ಐದು ವಾರ ಅಲ್ಲಿದ್ದೆ. ಮಾರ್ಚಿನಲ್ಲಿ ವಿಮಾನ.

ನಡುವೆ ನಾನೇ ಕೇಳಿದ್ದೆ, ಮದುವೆಯಾದದ್ದನ್ನು ದೆಹಲಿಗೆ ಬರೆದು ತಿಳಿಸಬೇಕಲ್ಲವಾ ಎಂದು. ಅರ್ಜಿ ತುಂಬಿಸಿದವರು ಹೇಳಿದರು, ತಿಳಿಸಿದರೆ ಫೈಲು ಮತ್ತೆ ತೆರೆಯುತ್ತಾರೆ, ನಾಲ್ಕು ವರ್ಷ ಕಾದದ್ದು ನೀರಿಗೆ ಹೋಗುತ್ತದೆ. ಚಿಕ್ಕಪ್ಪ ಹೇಳಿದರು, “ರಿಜಿಸ್ಟರ್ ಆಗಿಲ್ಲವಲ್ಲ, ಕಾಗದದಲ್ಲಿ ನೀನಿನ್ನೂ ಕುಮಾರಿ. ಹೋಗಿ ಇಳಿ, ಆರು ತಿಂಗಳಲ್ಲಿ ಅವನನ್ನು ಕರೆಸಿಕೋ.” ಹಿರಿಯರ ಮಾತು, ನನಗೂ ಹೋಗುವ ಆಸೆ. ತಲೆ ಆಡಿಸಿದೆ.

ವಿಮಾನ ಟೊರೊಂಟೊದಲ್ಲಿ ಇಳಿಯುವ ಮೊದಲು ಬಾತ್‌ರೂಮಿಗೆ ಹೋಗಿ ಕರಿಮಣಿ ತೆಗೆದೆ. ಕರ್ಚೀಫಿನಲ್ಲಿ ಸುತ್ತಿ ಪರ್ಸಿನ ಚಿಲ್ಲರೆ ಇಡುವ ಜಾಗದಲ್ಲಿ ಇಟ್ಟೆ. ಕೌಂಟರಿನಲ್ಲಿ ಇದ್ದದ್ದು ಒಬ್ಬ ಹೆಂಗಸು, ನನ್ನಮ್ಮನ ವಯಸ್ಸು. ಕಾಗದ ನೋಡಿ ನಿಧಾನವಾಗಿ ಕೇಳಿದಳು: ವೀಸಾ ಕೊಟ್ಟ ಮೇಲೆ ನಿಮ್ಮ ಮದುವೆಯ ವಿಷಯದಲ್ಲಿ ಏನಾದರೂ ಬದಲಾಗಿದೆಯೇ? ಇಲ್ಲ ಎಂದೆ. ಗಂಡ ಅಥವಾ ಮಕ್ಕಳು ಇದ್ದಾರೆಯೇ? ಇಲ್ಲ ಎಂದೆ. ಮ್ಯಾರಿಟಲ್ ಸ್ಟೇಟಸ್ ಎಂಬಲ್ಲಿ ಸಿಂಗಲ್ ಎಂದು ಅಚ್ಚಾಗಿದ್ದ ಆ ಕಾಗದಕ್ಕೆ ಸಹಿ ಹಾಕಿದೆ. ಕೈಯಲ್ಲಿ ಮದರಂಗಿಯ ಬಣ್ಣ ಉಗುರಿನ ತುದಿಯಲ್ಲಿ ಇನ್ನೂ ಉಳಿದಿತ್ತು. ಆಕೆ ನಗುತ್ತಾ ಸ್ವಾಗತ ಹೇಳಿದಳು.

ಅಲ್ಲಿ ನಿಜ ಹೇಳಿದ್ದರೆ ಆ ದಿನ ಪಿಆರ್ ಕೈಗೆ ಬರುತ್ತಿರಲಿಲ್ಲ. ಫೈಲು ವೀಸಾ ಆಫೀಸಿಗೆ ವಾಪಸು ಹೋಗಿ, ಇವರ ಮೆಡಿಕಲ್, ಪೊಲೀಸ್ ಸರ್ಟಿಫಿಕೇಟ್ ಎಲ್ಲ ಆಗಬೇಕಿತ್ತು. ಕೆಲವು ತಿಂಗಳ ಮಾತು. ಆ ಕೆಲವು ತಿಂಗಳನ್ನು ಉಳಿಸಲು ಹೋಗಿ ನಾನು ಏಳು ವರ್ಷ ಕೊಟ್ಟೆ.

2010ರಲ್ಲಿ, ಕೆಲಸ ಒಂದು ನೆಲೆಗೆ ಬಂದ ಮೇಲೆ, ಇವರನ್ನು ಕರೆಸಿಕೊಳ್ಳಲು ಸ್ಪಾನ್ಸರ್ ಮಾಡಿದೆ. ಅಷ್ಟರಲ್ಲಿ ಮದುವೆ ರಿಜಿಸ್ಟರ್ ಮಾಡಿಸಿದ್ದೆವು. ಸರ್ಟಿಫಿಕೇಟಿನಲ್ಲಿ ಮದುವೆಯ ತಾರೀಕು ಫೆಬ್ರವರಿ, ನಾನು ಇಳಿದ ತಾರೀಕು ಮಾರ್ಚ್. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮುಗಿಯಿತು. 2011ರಲ್ಲಿ ತಿರಸ್ಕಾರದ ಪತ್ರ ಬಂತು. ಅದರಲ್ಲಿದ್ದ ವಲಸೆ ನಿಯಮದ ಕಲಂ 117(9)(ಡಿ) ಎಂಬ ಅಂಕಿ ನನಗೆ ಇವತ್ತಿಗೂ ಕಂಠಪಾಠ. ಪಿಆರ್ ಆಗುವಾಗ ಇದ್ದ ಗಂಡನನ್ನೋ ಹೆಂಡತಿಯನ್ನೋ ಮಗುವನ್ನೋ ತಿಳಿಸದೆ, ಅವರ ತಪಾಸಣೆಯಾಗದೆ ನೀನು ಇಳಿದರೆ, ಆಮೇಲೆ ಅವರು ಕುಟುಂಬ ಎಂಬ ಲೆಕ್ಕದಲ್ಲಿ ಬರುವಂತೆಯೇ ಇಲ್ಲ. ಐದು ವರ್ಷ, ಹತ್ತು ವರ್ಷ ಎಂಬ ಅವಧಿಯೂ ಇಲ್ಲ. ಮೇಲ್ಮನವಿ ಹಾಕೋಣ ಎಂದರೆ, ಅಲ್ಲಿ ಕೂತವರಿಗೆ ಇಂಥ ಪ್ರಕರಣದಲ್ಲಿ ಕರುಣೆಯ ಕಾರಣ ನೋಡುವ ಅಧಿಕಾರವೇ ಇಲ್ಲ. ಅದರ ಮೇಲೆ, ಸುಳ್ಳು ಹೇಳಿದ್ದಕ್ಕೆ ನನ್ನ ಪಿಆರ್‌ಗೇ ಕುತ್ತು ಬರಬಹುದು ಎಂದರು ವಕೀಲರು.

ಕಡೆಗೆ ಉಳಿದದ್ದು ಒಂದೇ ದಾರಿ, ಮಾನವೀಯ ನೆಲೆಯಲ್ಲಿ ವಿನಾಯಿತಿ ಕೇಳುವುದು. ಏನು ಮಾಡಿದೆ, ಯಾಕೆ ಮಾಡಿದೆ ಎಂದು ಹನ್ನೊಂದು ಪುಟ ಬರೆದುಕೊಟ್ಟೆ. ಕರಿಮಣಿಯ ಸಂಗತಿಯನ್ನೂ ಬರೆದೆ. 2014ರ ಕೊನೆಗೆ ಒಪ್ಪಿದರು, 2015ರ ಮೇ ತಿಂಗಳಲ್ಲಿ ಇವರು ಬಂದರು. ನನಗೆ ಸಿಕ್ಕಿತು ಎಂದು ಎಲ್ಲರಿಗೂ ಸಿಗುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಸರ್ಕಾರ ಒಂದು ಸಡಿಲಿಕೆ ತಂದಿತು, ಆದರೆ ಅದು ನಿರಾಶ್ರಿತರಾಗಿ ಬಂದವರಿಗೆ, ಇಲ್ಲವೇ ತಾವೇ ಗಂಡ, ಹೆಂಡತಿ, ಮಕ್ಕಳು ಎಂದು ಸ್ಪಾನ್ಸರ್ ಆಗಿ ಬಂದವರಿಗೆ. ನಿನ್ನ ನನ್ನ ಹಾಗೆ ಓದು ಕೆಲಸದ ಪಾಯಿಂಟಿನ ಮೇಲೆ ಬರುವವರಿಗೆ ಅಲ್ಲ.

ಏಳು ವರ್ಷದ ದುಃಖ ಇವರು ಬಂದ ಮೇಲೆ ಕರಗಿತು. ಕರಗದೆ ಉಳಿದದ್ದು ಅತ್ತೆಯದ್ದು.

ಪ್ರತಿ ಚೌತಿಗೆ ಫೋನು ಮಾಡಿದಾಗ ಅತ್ತೆ ಕೇಳುತ್ತಿದ್ದರು, “ಯಾವಾಗ ಕರೆಸಿಕೊಳ್ಳುತ್ತೀ ಮಗಾ?” ನಾನು ಹೇಳುತ್ತಿದ್ದದ್ದು, “ಇಲ್ಲಿಯ ಆಫೀಸಿನಲ್ಲಿ ತಡ ಅತ್ತೆ, ಸರ್ಕಾರದ ಕೆಲಸ.” ಕೌಂಟರಿನಲ್ಲಿ ನಾನೇ ಗಂಡನಿಲ್ಲ ಎಂದು ಹೇಳಿ ಬಂದೆ ಎಂದು ಅವರಿಗೆ ಹೇಗೆ ಹೇಳಲಿ? ಇವರಿಗೆ ಗೊತ್ತಿತ್ತು, ಇವರೂ ಬಾಯಿ ಬಿಡಲಿಲ್ಲ. ನೀರು ತುಂಬುವ ಹೊತ್ತಿಗೆ, ಭಜನೆ ಮುಗಿದ ಮೇಲೆ, ಹೆಂಗಸರು ಕೇಳುತ್ತಿದ್ದರಂತೆ: ಸೊಸೆ ಫಾರಿನ್ನಿನಲ್ಲಿ, ಮಗ ಇಲ್ಲಿ, ಇದೆಂಥ ಸಂಸಾರ? ಅತ್ತೆ ನನ್ನ ಪರವಾಗಿ ಜಗಳವಾಡುತ್ತಿದ್ದರಂತೆ, ಆಫೀಸಿನವರದ್ದೇ ತಪ್ಪು ಎಂದು. 2012ರಲ್ಲಿ ಹೋಗಿಬಿಟ್ಟರು. ನನ್ನ ಸುಳ್ಳನ್ನು ನಿಜವೆಂದು ನಂಬಿ, ಅದಕ್ಕಾಗಿ ಊರವರ ಜತೆ ನಿಷ್ಠುರ ಕಟ್ಟಿಕೊಂಡು ಹೋದರು. ಟಿಕೆಟ್ ಸಿಕ್ಕಿ ನಾನು ತಲುಪಿದಾಗ ಮೂರನೇ ದಿನ. ಇವರು ಇಲ್ಲಿಗೆ ಬಂದ ದಿನ ಮನೆ ಬಾಗಿಲು ತೆಗೆದಾಗ ನನಗೆ ಮೊದಲು ನೆನಪಾದದ್ದು ಅವರೇ.

ಇದನ್ನು ಓದಿ ನೀನು ಅನ್ನಬಹುದು, ಅಕ್ಕನದ್ದು ಧಾರೆಯಾಗಿ ರಿಜಿಸ್ಟರ್ ಆಗದ್ದು, ನನ್ನದು ರಿಜಿಸ್ಟರ್ ಆಗಿ ಧಾರೆ ಆಗದ್ದು, ಬೇರೆ ಬೇರೆ ಎಂದು. ಎರಡೂ ಮದುವೆಯೇ, ತಂಗೀ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಸಪ್ತಪದಿ ಇರುವಲ್ಲಿ ಏಳನೇ ಹೆಜ್ಜೆಗೆ ಮದುವೆ ಪೂರ್ತಿಯಾಗುತ್ತದೆ. ರಿಜಿಸ್ಟರ್ ಆಗದಿದ್ದರೂ ಅದು ಊರ್ಜಿತವೇ. ಚಿಕ್ಕಪ್ಪ ಹೇಳಿದ ಕಾಗದದ ಕುಮಾರಿ ಎಂಬುದು ಎಲ್ಲೂ ಇಲ್ಲ. ನಿನ್ನದು ಮೂವತ್ತು ದಿನದ ನೋಟಿಸು ಹಾಕಿ, ಮೂವರು ಸಾಕ್ಷಿಗಳ ಮುಂದೆ ಸಹಿ ಮಾಡಿದ್ದು ಎಂದಿದ್ದೀ, ಅಂದರೆ 1954ರ ವಿಶೇಷ ವಿವಾಹ ಕಾಯ್ದೆ. ಸಹಿಯಾದ ದಿನವೇ ನೀನು ಅವರ ಹೆಂಡತಿ. ಡಿಸೆಂಬರಿನದ್ದು ಹಿರಿಯರ ಆಶೀರ್ವಾದ, ದೇವರ ಕಾರ್ಯ. ನಮಗೆ ಅದೇ ದೊಡ್ಡದು, ನನಗೂ ಅದೇ ದೊಡ್ಡದು. ಆದರೆ ಫಾರ್ಮ್ ಕೇಳುವುದು ಏಪ್ರಿಲಿನದ್ದನ್ನು.

ಆದ್ದರಿಂದ ಈಗ ಮಾಡಬೇಕಾದದ್ದು. ಮ್ಯಾರೀಡ್ ಎಂದು ಹಾಕು, ತಾರೀಕು ಏಪ್ರಿಲಿನದ್ದು. ಇನ್ವಿಟೇಶನ್ ಬಂದ ಮೇಲೆ ಅರ್ಜಿಗೆ 60 ದಿನ ಇರುತ್ತದೆ. ಅದರೊಳಗೆ ನಿನ್ನ ಸ್ಕೋರನ್ನು ಗಂಡನನ್ನು ಸೇರಿಸಿ ಮತ್ತೆ ಲೆಕ್ಕ ಹಾಕು. ಒಬ್ಬರೇ ಆದರೆ ವಯಸ್ಸು, ಓದು, ಭಾಷೆ, ಅನುಭವಕ್ಕೆ ಗರಿಷ್ಠ 500. ಗಂಡ ಜತೆಗೆ ಬರುವುದಾದರೆ ನಿನ್ನದು 460, ಅವರ ಓದು, ಭಾಷೆ, ಕೆನಡಾದ ಅನುಭವಕ್ಕೆ 40. ಹೊಸ ಸ್ಕೋರು ನಿನಗೆ ಇನ್ವಿಟೇಶನ್ ಬಂದ ಸುತ್ತಿನ ಕಟಾಫಿಗಿಂತ ಕೆಳಗಾದರೆ ಇನ್ವಿಟೇಶನ್ ಬೇಡ ಎಂದು ಹಿಂತಿರುಗಿಸಿ, ಪ್ರೊಫೈಲ್ ಸರಿಮಾಡಿ ಮತ್ತೆ ಪೂಲಿಗೆ, ಅಂದರೆ ಇನ್ವಿಟೇಶನ್ನಿಗೆ ಕಾಯುವವರ ಪಟ್ಟಿಗೆ, ಹೋಗು. ಹೊಟ್ಟೆ ಉರಿಯುತ್ತದೆ, ಗೊತ್ತು. ಅವರಿಗೆ ಐಇಎಲ್‌ಟಿಎಸ್ ಬರೆಸು, ಪುಣೆಯಲ್ಲೇ ಸೆಂಟರ್ ಇದೆ. ಕಳೆದ ಪಾಯಿಂಟಿನಲ್ಲಿ ಸ್ವಲ್ಪ ಹಿಂದಕ್ಕೆ ಬರುತ್ತದೆ.

ಅವರು ಹಿಂಜೆವಾಡಿಯ ಕೆಲಸ ಬಿಡಲಾರರು, ಸದ್ಯ ನೀನೊಬ್ಬಳೇ ಬರುವುದಾದರೆ ಅದಕ್ಕೂ ದಾರಿ ಇದೆ. ಜತೆಗೆ ಬಾರದ ಸಂಗಾತಿ ಎಂದು ಅವರನ್ನು ತಿಳಿಸು. ಆಗ ಪಾಯಿಂಟು ಒಬ್ಬರದ್ದೇ ಲೆಕ್ಕ. ಆದರೂ ಅವರ ಮೆಡಿಕಲ್, ಪೊಲೀಸ್ ಸರ್ಟಿಫಿಕೇಟ್ ಆಗಲೇಬೇಕು, ಬ್ಯಾಂಕಿನಲ್ಲಿ ತೋರಿಸುವ ಹಣವೂ ಇಬ್ಬರ ಲೆಕ್ಕದ್ದೇ. ಈ ಎರಡು ತಪಾಸಣೆ ಆಗಿದ್ದರೆ ಮುಂದೆ ಅವರನ್ನು ಸ್ಪಾನ್ಸರ್ ಮಾಡಬಹುದು. ನನಗೆ ತಪ್ಪಿಹೋದದ್ದು ಇಷ್ಟೇ. ಬರಿಯ ಪಾಯಿಂಟಿನ ಆಸೆಗೆ ಮಾತ್ರ ಹಾಗೆ ಬರೆಯಬೇಡ, ಯಾಕೆ ಜತೆಗೆ ಬರುತ್ತಿಲ್ಲ ಎಂದು ಆಫೀಸರ್ ಕೇಳಬಹುದು.

ಇನ್ನು ನಿನ್ನ ಏಜೆಂಟರು. ದುಡ್ಡು ತೆಗೆದುಕೊಂಡು ಕೆನಡಾ ಅರ್ಜಿ ಮಾಡುವವರು ಇಲ್ಲಿಯ ವಕೀಲರೋ ಲೈಸೆನ್ಸ್ ಇರುವ ಕನ್ಸಲ್ಟೆಂಟರೋ ಆಗಿರಬೇಕು, ಅವರ ಪಟ್ಟಿ ಯಾರು ಬೇಕಾದರೂ ನೋಡಬಹುದು. ಅವರ ಹೆಸರು ಅದರಲ್ಲಿದೆಯಾ ನೋಡು. ತಪ್ಪು ಮಾಹಿತಿ ಕೊಟ್ಟರೆ ಐದು ವರ್ಷ ಬಾಗಿಲು ಮುಚ್ಚುತ್ತಾರೆ. ನನ್ನ ಕಾಲಕ್ಕೆ ಎರಡು ಇತ್ತು, 2014ರಲ್ಲಿ ಐದು ಮಾಡಿದರು. ಮುಚ್ಚುವುದು ನಿನ್ನ ಬಾಗಿಲು, ಏಜೆಂಟರದ್ದಲ್ಲ.

ನಿನ್ನ ಗೆಳತಿಯರೂ ಕೇಳುತ್ತಿದ್ದಾರೆ ಎಂದೆಯಲ್ಲ. ನಿಶ್ಚಿತಾರ್ಥ ಮಾತ್ರ ಆದವಳು ಸಿಂಗಲ್ಲೇ, ಹೆದರುವುದು ಬೇಡ. ಡೈವೋರ್ಸ್ ಆದವಳು ಡೈವೋರ್ಸ್ಡ್ ಎಂದೇ ಬರೆಯಬೇಕು, ಕೋರ್ಟಿನ ಡಿಕ್ರಿ ಜತೆಗಿಡಲಿ. ನಾಚಿಕೆಗೆ ಸಿಂಗಲ್ ಎಂದರೆ ತೊಂದರೆ. ಜಗಳವಾಡಿ ತವರಿಗೆ ಬಂದು ಕೂತವಳು ಸಿಂಗಲ್ ಅಲ್ಲ. ಪುಣೆಯಲ್ಲಿ ಒಂದೇ ಫ್ಲ್ಯಾಟಿನಲ್ಲಿ ಜೋಡಿಯಾಗಿ ಇದ್ದು ವರ್ಷ ತುಂಬಿದವರನ್ನು ಇಲ್ಲಿ ಕಾಮನ್-ಲಾ ಎನ್ನುತ್ತಾರೆ, ಅದನ್ನೂ ಹೇಳಬೇಕು, ಮನೆಯವರಿಗೆ ಗೊತ್ತಿರಲಿ ಬಿಡಲಿ. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಇಲ್ಲ ಎಂದು ನೀನು ಸಿಂಗಲ್ ಆಗುವುದಿಲ್ಲ. ಮುಂಬೈ ಪದ್ಧತಿಯಂತೆ ನಡುವಿನ ಹೆಸರು ತೆಗೆದು ಗಂಡನದ್ದು ಹಾಕಲೇಬೇಕು ಎಂದೂ ಇಲ್ಲ. ಅತ್ತೆಮನೆಯವರು ಒತ್ತಾಯಿಸಿದರೆ ಪಿಆರ್ ಮುಗಿಯಲಿ ಎನ್ನು.

ಮನೆಯಲ್ಲಿ ಮಾತಾಡುವುದು ಕಷ್ಟ ಎಂದು ಬಲ್ಲೆ. ರಿಜಿಸ್ಟರ್ ಆದದ್ದು ದೊಡ್ಡಪ್ಪನವರಿಗೆ ತಿಳಿದರೆ ಬೇಸರ ಮಾಡಿಕೊಳ್ಳುತ್ತಾರೆ ಎಂದು ಬರೆದಿದ್ದೀ. ಅರ್ಜಿಯಲ್ಲಿ ಬರೆದದ್ದನ್ನು ಯಾರೂ ಊರಿಗೆ ಬಂದು ಓದುವುದಿಲ್ಲ. ಆದರೂ ನಿನ್ನ ಅತ್ತೆಗೆ ನೀನೇ ಹೇಳು, ಈಗಲೇ, ಧಾರೆಗೆ ಮೊದಲು. ಡೊಂಬಿವಲಿಯಲ್ಲಿ ಇಂಥ ಮಾತು ಹೊರಗಿನಿಂದ ಕಿವಿಗೆ ಬೀಳುವುದು ಬೇಡ.

ಏಜೆಂಟರು ಫಾರ್ಮ್ ತುಂಬಿಸಿ ಕಳಿಸಿದಾಗ, ಒಪ್ಪಿಗೆ ಕೊಡುವ ಮೊದಲು ಮ್ಯಾರಿಟಲ್ ಸ್ಟೇಟಸ್ ಇರುವ ಪುಟದ ಫೋಟೋ ನನಗೆ ಹಾಕು. ಅಲ್ಲಿ ರಾತ್ರಿ ಎಂಟೂವರೆ ಆದಾಗ ಇಲ್ಲಿ ಬೆಳಗಿನ ಹನ್ನೊಂದು, ಶನಿವಾರ ಮನೆಯಲ್ಲೇ ಇರುತ್ತೇನೆ. ಡಿಸೆಂಬರಿಗೆ ರಜೆ ಕೇಳಿದ್ದೇನೆ. ಸಿಕ್ಕರೆ ನಾವಿಬ್ಬರೂ ನಿನ್ನ ಧಾರೆಗೆ ಬರುತ್ತೇವೆ.