ಪದವು (ಕರಾವಳಿಯ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಬಯಲುಗುಡ್ಡ) ಸಮತಟ್ಟು ಮಾಡಿ ಲೇಔಟ್ ಕಟ್ಟಿದರೆ ಅಲ್ಲಿನ ಕಪ್ಪೆಗಳು ಬೇರೆ ಕಡೆ ಹೋಗಿ ಬದುಕುವುದಿಲ್ಲವೇ?

ಹೆಚ್ಚಿನವು ಬದುಕುವುದಿಲ್ಲ. ಕಪ್ಪೆಯ ಚರ್ಮ ತೆಳು, ಸದಾ ಒದ್ದೆ. ನೀರು ಹೀರುವುದು ಅದರಿಂದಲೇ, ಉಸಿರಾಟದ ಒಂದು ಪಾಲೂ ಅದರ ಮೂಲಕವೇ. ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ಮೈ ಬೇಗ ಒಣಗುತ್ತದೆ. ಮಳೆಯ ರಾತ್ರಿ ಹೊರಟರೆ ವಾಹನಗಳಡಿ ಸಿಗುತ್ತವೆ. ದಾಟಿದರೂ ಸಾಲದು, ಮೊಟ್ಟೆಯಿಡಲು ತಕ್ಕ ನೀರು ಬೇಕು.

ಈ ‘ತಕ್ಕ ನೀರು’ ಮುಖ್ಯ. ಉಡುಪಿ ಕಡೆಯ ಮುರಕಲ್ಲಿನ ಪದವುಗಳಲ್ಲಿ ಮಳೆಗಾಲಕ್ಕಷ್ಟೇ ಸಣ್ಣ ಹೊಂಡಗಳು ತುಂಬುತ್ತವೆ. ಬೇಸಿಗೆಯಲ್ಲಿ ಬತ್ತುವುದರಿಂದ ಅವುಗಳಲ್ಲಿ ಮೀನು ನೆಲೆಸುವುದಿಲ್ಲ, ಗೊದಮೊಟ್ಟೆಗಳು ಸುರಕ್ಷಿತ. ಬದಲಿಗೆ ದೊಡ್ಡ ಕೆರೆ ತೋಡಿಕೊಟ್ಟರೆ ಮೀನುಗಳು ಅವನ್ನು ತಿಂದುಹಾಕುತ್ತವೆ. ಮಣಿಪಾಲದಲ್ಲಿ ಕಂಡು 2016ರಲ್ಲಿ ಹೆಸರು ಪಡೆದ, ಒಂದೂವರೆ ಸೆಂಟಿಮೀಟರಿನ ಆಸುಪಾಸಿನ ‘ಮೈಕ್ರೋಹೈಲಾ ಲ್ಯಾಟರೈಟ್’ ಇಂಥ ನೆಲದ್ದೇ ಕಪ್ಪೆ. ಅಂಥ ಜಾಗ ಕಾಗದಪತ್ರದಲ್ಲಿ ‘ಪಾಳುಭೂಮಿ’ ಅನ್ನಿಸಿಕೊಳ್ಳುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಎಲ್ಲವೂ ಒಂದೇ ರೀತಿ ಸೋಲುವುದಿಲ್ಲ. ಚರಂಡಿ, ಗದ್ದೆ, ಮನೆಯಂಗಳಕ್ಕೆ ಒಗ್ಗಿದ ನೆಲಗಪ್ಪೆ, ಗೂಳಿಕಪ್ಪೆಗಳು ಉಳಿದುಕೊಳ್ಳುತ್ತವೆ. ಹಾಗಾಗಿ ಮಂಗಳೂರಿನ ಮೊದಲ ಮಳೆಗೆ ವಟವಟ ಕೇಳಿಸಿತೆಂದು ಹಳೆಯ ಜಾತಿಗಳೆಲ್ಲ ಇವೆ ಎಂದುಕೊಳ್ಳುವಂತಿಲ್ಲ.