ಹವಾಯಿ–ಜಪಾನ್ ಎರಡೂ ಮೂಲವಿರುವ ಕಲಾವಿದೆಯ ಕೆಲಸದಲ್ಲಿ ಯಾವುದು ಹವಾಯಿಯದು, ಯಾವುದು ಜಪಾನಿನದು ಅಂತ ಗುರುತಿಸೋದು ಹೇಗೆ?

ಅಂಥ ಕಲಾವಿದೆಯ ಬಗ್ಗೆ ನೀವು ಬರೆಯಹೊರಟಿರುವ ಲೇಖನದಂಥದ್ದನ್ನು ನಾನು ಆಗಲೇ ಒಂದು ಸಲ ಬರೆದು ಕೆಟ್ಟಿದ್ದೇನೆ.

ಹೊನೊಲುಲುವಿನಲ್ಲಿ ಓದುವಾಗ ಒಂದು ಸಣ್ಣ ಗ್ಯಾಲರಿಯಲ್ಲಿ ಕಲಾಕೃತಿಗಳ ಪಕ್ಕ ಅಂಟಿಸುವ ಚೀಟಿ ಬರೆಯುತ್ತಿದ್ದೆ. ಕಲಾವಿದೆಯ ತಾಯಿ ಹವಾಯಿಯ ಮೂಲನಿವಾಸಿ. ತಂದೆಯ ಕಡೆಯವರು 1885ರ ನಂತರ ಕಬ್ಬಿನ ತೋಟದ ಕೂಲಿಗೆಂದು ಜಪಾನಿನಿಂದ ಬಂದವರು. ಕೆಲಸ ಅಂದರೆ ಒಂದು ಒರಟು ಹಾಳೆ, ಮೂಲೆಯಲ್ಲಿ ಸಾಲು ತ್ರಿಕೋನಗಳ ಅಚ್ಚು, ಉಳಿದದ್ದೆಲ್ಲ ಖಾಲಿ. ಅರ್ಧ ಗಂಟೆಯಲ್ಲಿ ಬರೆದು ಬಿಸಾಕಿದೆ: ಹಾಳೆ ಜಪಾನಿನ ಕೈಕಾಗದವಾದ ವಾಶಿ, ಖಾಲಿ ಜಾಗ ಜಪಾನಿನ ಝೆನ್ ಬೌದ್ಧರದು, ಅಚ್ಚು ಹವಾಯಿಯದು, 'ಎರಡು ಸಂಸ್ಕೃತಿಗಳ ಸಂಗಮ'. (ಸಂಗಮ ಅನ್ನೋ ಪದ ಕಂಡರೆ ಈಗಲೂ ಮೈ ಉರಿಯುತ್ತೆ.)

ಅದು ವಾಶಿ ಆಗಿರಲೇ ಇಲ್ಲ, ಕಾಪಾ, ಅಂದರೆ ಹವಾಯಿಯ ತೊಗಟೆಬಟ್ಟೆ. ಗೊಂದಲಕ್ಕೆ ಕಾರಣ ಇದೆ. ಕಾಪಾ ಆಗುವ ವೌಕೆ ಗಿಡ, ವಾಶಿ ಆಗುವ ಕೋಜೊ ಗಿಡ, ಎರಡೂ ಹತ್ತಿರದ ನೆಂಟರು. ಎರಡರಲ್ಲೂ ಬೇಕಾದದ್ದು ಒಳತೊಗಟೆ. ಆದರೆ ವಾಶಿಗೆ ನಾರನ್ನು ಜಜ್ಜಿ, ನೀರಿನಲ್ಲಿ ಕದಡಿ, ಜರಡಿಯಲ್ಲಿ ಎತ್ತುತ್ತಾರೆ. ಕಾಪಾಗೆ ಜರಡಿಯೇ ಇಲ್ಲ. ನೆನೆಸಿದ ತೊಗಟೆಯನ್ನು ಕೊಡತಿಯಿಂದ ಬಡಿದು ಬಡಿದೇ ಅಗಲ ಮಾಡಬೇಕು. ಕೊಡತಿಯ ಮೈಮೇಲೆ ಕೆತ್ತಿದ ಗೆರೆಗಳು ಹಾಳೆಯೊಳಗೆ ಉಳಿಯುತ್ತವೆ, ಬೆಳಕಿಗೆ ಹಿಡಿದರೆ ಕಾಣುತ್ತವೆ. ನಾನು ಹಿಡಿಯಲಿಲ್ಲ. ಜಪಾನಿ ಅಡ್ಡಹೆಸರು ಓದಿದ್ದೆ, ಎದುರಿಗೆ ಹಾಳೆ ಇತ್ತು, ಸುಮ್ನೆ ಎರಡನ್ನೂ ಗಂಟು ಹಾಕಿದೆ. ಕಲಾವಿದೆಯನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು.

ಪ್ರದರ್ಶನದ ಹಿಂದಿನ ಸಂಜೆ ಬಂದು ಓದಿದರು. ಉಗುರಿನಿಂದ ಚೀಟಿಯ ಮೂಲೆ ಎಬ್ಬಿಸಿ, ಕಿತ್ತು, ನನ್ನ ಕೈಗಿಟ್ಟರು. ನಾಲ್ಕೂ ಕೃತಿಗಳನ್ನು ಇಳಿಸಿಕೊಂಡು ಹೋದರು. ಚೀಟಿ ಬರೆಯುವ ಕೆಲಸವೂ ಅಲ್ಲಿಗೇ ಮುಗಿಯಿತು.

ತಿಂಗಳಾದ ಮೇಲೆ ಕ್ಷಮೆ ಕೇಳಲು ಹೋದೆ. ತೊಗಟೆ ಅವರ ಅಮ್ಮನ ಹಿತ್ತಲಿನದು. ನಾನು ಹವಾಯಿಯದು ಅಂದಿದ್ದ ಅಚ್ಚಿನ ಬಿದಿರುಪಟ್ಟಿ ಕೆತ್ತಿಕೊಟ್ಟವರು ಜಪಾನಿ ತಾತ! ಖಾಲಿ ಜಾಗ? ಕೆಮ್ಮಣ್ಣಿನ ಬಣ್ಣ ಮುಗಿದುಹೋಗಿತ್ತಂತೆ, ಅಷ್ಟೆ.

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ಪಾಲು ಮಾಡಲು ಹೋಗಬೇಡಿ. ಗಿಡ ಯಾರದು, ಉಪಕರಣ ಯಾರದು, ಕಲಿಸಿದವರು ಯಾರು ಅಂತ ಕೇಳಿ. ಇನ್ನೊಂದು, ಅಲ್ಲಿ ಹುಟ್ಟಿದವರನ್ನೆಲ್ಲ 'ಹವಾಯಿಯನ್' ಅಂತ ಬರೆಯಬೇಡಿ. ಬಾಯಿ ಮುಚ್ಚಿದ ಮಡಕೆಗಳಿಗೆ ಹೆಸರಾದ ತೋಶಿಕೊ ತಕಾಯೆಜು 1922ರಲ್ಲಿ ಹವಾಯಿಯಲ್ಲೇ ಹುಟ್ಟಿದವರು. ಆದರೆ ಅಪ್ಪ–ಅಮ್ಮ ಜಪಾನಿನ ಒಕಿನಾವಾದವರು. 'ಹವಾಯಿಯನ್' ಅನ್ನೋ ಪದ ಅಲ್ಲಿ ಮೂಲನಿವಾಸಿಗಳದು.

ಲೇಖನದ ತಲೆಬರಹಕ್ಕೆ 'ಹಾಪಾ' (ಮಿಶ್ರ ಮೂಲದವರು) ಅಂತ ಇಡಲೇ ಅಂತಲೂ ಕೇಳಿದ್ದೀರಿ. ಇಂಗ್ಲಿಷಿನ 'ಹಾಫ್' ಹವಾಯಿ ನಾಲಿಗೆಯಲ್ಲಿ ಹಾಗಾಗಿದೆ. ನಿಮ್ಮ ಕಲಾವಿದೆ ತನ್ನನ್ನು ಹಾಗೆ ಕರೆದುಕೊಳ್ಳುತ್ತಾರಾ? ಮೊದಲು ಫೋನ್ ಮಾಡಿ ಕೇಳಿ.